ಗೋಡೆಗೇರಿದ ಕೈಗಳು

ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ವಾರಕ್ಕೊಮ್ಮೆ ಸೇರಿ ಚಿತ್ರ ಬರೆಯುವ ಗುಂಪು ನಮ್ಮದು. ಕಲಾಶಾಲೆಯ ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಯಾರೂ ಇಲ್ಲ. ನಿವೃತ್ತ ಚಾಲಕರು, ಹೊಲಿಗೆ ಕೆಲಸದವರು, ಕಾಲೇಜು ವಿದ್ಯಾರ್ಥಿಗಳು, ಮನೆಯ ಹಿರಿಯರನ್ನು ನೋಡಿಕೊಳ್ಳಲು ಕೆಲಸ ಬಿಟ್ಟವರು, ನನ್ನಂತೆ ಕೌಂಟರಿನ ಹಿಂದೆ ಕೂತು ಜನರಿಂದ ಅರ್ಜಿ ತೆಗೆದುಕೊಳ್ಳುವವರು, ಹೀಗೆ ಎಲ್ಲರೂ ಇದ್ದೇವೆ. ಬರೆದದ್ದನ್ನು ನಮ್ಮ ನಮ್ಮೊಳಗೇ ತೋರಿಸಿಕೊಂಡು ತೃಪ್ತಿಪಡುತ್ತಿದ್ದೆವು. ಹೊರಗಿನವರಿಗೂ ತೋರಿಸೋಣ ಎಂಬ ಮಾತು ಬಂದಾಗ ಅದಕ್ಕೊಂದು ವಿಷಯವನ್ನೂ ಇಟ್ಟುಕೊಂಡೆವು: ನಮ್ಮನ್ನು ನಾವು ಹೇಳಿಕೊಳ್ಳುವುದು.

ಬೆಟ್ಟ ಬರೆಯಿರಿ, ಹೂದಾನಿ ಬರೆಯಿರಿ ಎಂದರೆ ಕೈ ತಾನಾಗಿ ಓಡುತ್ತದೆ. ನಿಮ್ಮನ್ನು ಬರೆಯಿರಿ ಎಂದರೆ ಎಲ್ಲರ ಕೈಯೂ ಕಟ್ಟಿಹಾಕಿದಂತಾಯಿತು. ಒಬ್ಬರು, "ನನ್ನ ಬದುಕಿನಲ್ಲಿ ನಾಲ್ಕು ಜನ ನಿಂತು ನೋಡುವಂಥದ್ದು ಏನಿದೆ?" ಎಂದು ನೇರವಾಗಿ ಕೇಳಿದರು. ಆ ಪ್ರಶ್ನೆಯನ್ನು ಯಾರೂ ತಳ್ಳಿಹಾಕಲಿಲ್ಲ. ಎಲ್ಲರ ಮನಸ್ಸಿನಲ್ಲಿ ಇದ್ದದ್ದೂ ಅದೇ.

ಮೊದಲ ಜಗಳ ಆಯ್ಕೆಯ ವಿಚಾರಕ್ಕೆ ಬಂತು. ಚೆನ್ನಾಗಿರುವುದನ್ನಷ್ಟೇ ಹಾಕೋಣ, ತಿಳಿದವರೊಬ್ಬರನ್ನು ಕರೆದು ಆರಿಸಿಸೋಣ ಎಂದು ಕೆಲವರು ಹೇಳಿದರು. ಪ್ರದರ್ಶನದ ಮಟ್ಟ ಕೆಳಗಿಳಿಯುತ್ತದೆ ಎಂಬ ಅವರ ಆತಂಕ ಸುಳ್ಳೇನಲ್ಲ. ಆದರೂ ನಾನು ಗಟ್ಟಿಯಾಗಿ ವಿರೋಧಿಸಿದೆ. ಆರಿಸುವವರ ಕಣ್ಣಿಗೆ ಬೀಳದೆ ಹೋದದ್ದು ಎಷ್ಟೆಂಬುದು ಕಲೆಯ ಚರಿತ್ರೆಯಲ್ಲೇ ಇದೆ. 1863ರಲ್ಲಿ ಪ್ಯಾರಿಸ್‌ನ ಅಧಿಕೃತ ಸಲೋನ್ ಪ್ರದರ್ಶನದ ತೀರ್ಪುಗಾರರು ಸಾವಿರಾರು ಕೃತಿಗಳನ್ನು ತಿರಸ್ಕರಿಸಿದಾಗ ಗದ್ದಲ ಎಷ್ಟು ಜೋರಾಯಿತೆಂದರೆ, ಚಕ್ರವರ್ತಿ ಮೂರನೆಯ ನೆಪೋಲಿಯನ್ ತಿರಸ್ಕೃತರಿಗಾಗಿಯೇ ಪ್ರತ್ಯೇಕ ಪ್ರದರ್ಶನ ನಡೆಸಲು ಅಪ್ಪಣೆ ಕೊಡಬೇಕಾಯಿತು. ಅಲ್ಲಿ ಚಿತ್ರ ತೂಗುಹಾಕಿದವರಲ್ಲಿ, ಮುಂದೆ ದೊಡ್ಡ ಹೆಸರಾದ ಚಿತ್ರಕಾರ ಎದುವಾರ್ ಮಾನೆ ಕೂಡ ಇದ್ದರು. 1884ರಲ್ಲಿ ಅದೇ ನಗರದಲ್ಲಿ ಸ್ವತಂತ್ರ ಕಲಾವಿದರ ಸಂಘ ಹುಟ್ಟಿತು. ತೀರ್ಪುಗಾರರು ಬೇಡ, ಬಹುಮಾನವೂ ಬೇಡ ಎಂಬುದೇ ಅದರ ನಿಯಮವಾಗಿತ್ತು.

ನನಗೆ ಇದಕ್ಕಿಂತಲೂ ಹತ್ತಿರವಾದ ಇನ್ನೊಂದು ಉದಾಹರಣೆಯಿದೆ. ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಅವರ ಆಪ್ತರು ಹೊಲಿದ ದೊಡ್ಡ ಕೌದಿಯನ್ನು 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನ ಬಯಲಿನಲ್ಲಿ ಮೊದಲ ಬಾರಿಗೆ ಹಾಸಿದರು. ಅದರಲ್ಲಿ 1,920 ತುಂಡುಗಳಿದ್ದವು. ಪ್ರತಿಯೊಂದರ ಅಳತೆ ಮೂರು ಅಡಿಗೆ ಆರು ಅಡಿ. ನುರಿತ ಕೈ ಹೊಲಿದದ್ದಕ್ಕೂ ಸೂಜಿ ಹಿಡಿಯಲು ಬಾರದವರು ಹೊಲಿದದ್ದಕ್ಕೂ ಜಾಗ ಒಂದೇ. ಈ ಮಾತನ್ನು ಸಭೆಯಲ್ಲಿ ಹೇಳಿದಾಗ ವಾದ ನಿಂತಿತು. ನಾವೂ ಹಾಗೆಯೇ ಮಾಡಿದೆವು. ಒಬ್ಬೊಬ್ಬರಿಗೆ ಒಂದೂವರೆ ಮೀಟರ್ ಅಗಲದ ಗೋಡೆ. ಅದರಲ್ಲಿ ಒಂದು ಕೃತಿ ತೂಗುತ್ತೀರೋ ಏಳು ತೂಗುತ್ತೀರೋ, ಖಾಲಿ ಬಿಡುತ್ತೀರೋ ನಿಮಗೆ ಬಿಟ್ಟದ್ದು.

ಇನ್ನೆರಡು ನಿಯಮಗಳನ್ನು ಸೇರಿಸಿದೆವು. ಬದುಕಿರುವ ಯಾರನ್ನಾದರೂ ಗುರುತು ಸಿಗುವಂತೆ ಚಿತ್ರಿಸಿದ್ದರೆ ಅವರ ಒಪ್ಪಿಗೆ ಪಡೆಯಬೇಕು. ಬಾಗಿಲು ತೆರೆಯುವ ಕ್ಷಣದವರೆಗೂ ಯಾರು ಬೇಕಾದರೂ ತಮ್ಮ ಕೃತಿಯನ್ನು ಹಿಂದಕ್ಕೆ ಪಡೆಯಬಹುದು, ಯಾಕೆಂದು ಯಾರೂ ಕೇಳಕೂಡದು. ಇಡೀ ಪ್ರದರ್ಶನ ನಿಂತದ್ದು ಈ ಎರಡನೆಯ ನಿಯಮದ ಮೇಲೆ ಎಂದು ನಾನು ನಂಬುತ್ತೇನೆ. ವಾಪಸ್ ಬರುವ ದಾರಿ ತೆರೆದಿದೆ ಎಂದು ಗೊತ್ತಿದ್ದರಷ್ಟೇ ಮನುಷ್ಯ ಇನ್ನೊಂದು ಹೆಜ್ಜೆ ಮುಂದಿಡುತ್ತಾನೆ. ನನ್ನ ಮಟ್ಟಿಗಂತೂ ಅದು ನಿಜವಾಗಿತ್ತು.

ನನ್ನ ಎರಡೂ ಕೈಗಳಲ್ಲಿ ತೊನ್ನು ಇದೆ. ವೈದ್ಯರು ವಿಟಿಲಿಗೋ ಎನ್ನುತ್ತಾರೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡುವುದರಿಂದ ಬರುವ ಸ್ಥಿತಿ ಇದು. ಜಗತ್ತಿನ ಜನಸಂಖ್ಯೆಯಲ್ಲಿ ಶೇ. 0.5ರಿಂದ 2ರಷ್ಟು ಮಂದಿಗೆ ಇದು ಇದೆ. ಅಂಟುವುದಿಲ್ಲ, ಪ್ರಾಣಕ್ಕೆ ಅಪಾಯವಿಲ್ಲ. ಇಷ್ಟನ್ನು ಎಷ್ಟು ಸಲ ಹೇಳಿದರೂ ಸಾಲದು, ಏಕೆಂದರೆ ಕೌಂಟರಿನಲ್ಲಿ ನಾನು ಕೈ ಚಾಚಿದಾಗ ಅರ್ಜಿಯನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟು ನನ್ನತ್ತ ತಳ್ಳುವವರು ಇವತ್ತಿಗೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ತಾವು ಹಾಗೆ ಮಾಡಿದೆವೆಂದು ಅವರಿಗೆ ಗೊತ್ತೇ ಇರುವುದಿಲ್ಲ. ನನಗೆ ಗೊತ್ತಾಗುತ್ತದೆ. ಮಣಿಕಟ್ಟು ಮುಚ್ಚುವ ಉದ್ದ ತೋಳಿನ ಬಟ್ಟೆ ನನ್ನ ಸಮವಸ್ತ್ರವಾದದ್ದು ಹಾಗೆ.

ಪ್ರದರ್ಶನಕ್ಕೆ ನಾನು ಕೈಗಳನ್ನೇ ಬರೆಯುತ್ತೇನೆ ಎಂದು ಗುಂಪಿನಲ್ಲಿ ಹೇಳಿದಾಗ ಯಾರೂ ಮರುಕ ತೋರಿಸಲಿಲ್ಲ, ಹೊಗಳಲೂ ಇಲ್ಲ. "ಯಾವ ಕಾಗದದ ಮೇಲೆ?" ಎಂದು ಕೇಳಿದರು. ಅಂಥ ಪ್ರಶ್ನೆ ಕೇಳುವ ಗುಂಪು ಸಿಗುವುದು ಪುಣ್ಯ.

ಕಾಗದ ಚದರ ಮೀಟರಿಗೆ 300 ಗ್ರಾಂ ತೂಕದ, ತುಸು ತರಿಯಾದ ಮೈಯ ಜಲವರ್ಣ ಕಾಗದ. ಜಲವರ್ಣವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಪಾರದರ್ಶಕ ಜಲವರ್ಣದ ಹಳೆಯ ಕ್ರಮದಲ್ಲಿ ಬಿಳಿ ಬಣ್ಣವನ್ನು ಬಳಸುವುದಿಲ್ಲ, ಕಾಗದವೇ ಬಿಳಿ. ಬಿಳಿ ಬೇಕಾದ ಕಡೆ ಬಣ್ಣ ತಾಗದಂತೆ ಮೊದಲಿನಿಂದಲೇ ಕಾಯ್ದುಕೊಂಡು ಬರಬೇಕು. ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1508ರಲ್ಲಿ ಬರೆದ, ಪ್ರಾರ್ಥನೆಗೆ ಜೋಡಿಸಿದ ಕೈಗಳ ಚಿತ್ರವನ್ನು ನಾನು ಮುದ್ರಣದಲ್ಲಿ ಬಹಳ ಹೊತ್ತು ನೋಡಿದ್ದೇನೆ. ಅದು ನೀಲಿ ಕಾಗದ. ಗೆಣ್ಣುಗಳ ಮೇಲೆ ಬಿದ್ದ ಬೆಳಕನ್ನು ಅವನು ಬಿಳಿ ಬಣ್ಣದಿಂದ ಎಳೆ ಎಳೆಯಾಗಿ ಏರಿಸಿದ್ದಾನೆ. ಅಲ್ಲಿ ಬಿಳಿ ಸೇರಿಸಿದ್ದು, ನನ್ನಲ್ಲಿ ಬಿಳಿ ಉಳಿದದ್ದು. ಈ ವ್ಯತ್ಯಾಸ ಹೊಳೆದಾಗ ನನ್ನ ಚಿತ್ರ ಹೇಗಿರಬೇಕೆಂಬುದು ತೀರ್ಮಾನವಾಗಿಹೋಯಿತು.

ಬಿಳಿ ಉಳಿಸಲು ರಬ್ಬರ್ ಹಾಲಿನಂಥ ಮಾಸ್ಕಿಂಗ್ ದ್ರವವೊಂದು ಸಿಗುತ್ತದೆ. ಅದನ್ನು ಹಚ್ಚಿ ಒಣಗಿಸಿ, ಮೇಲೆ ಬಣ್ಣ ಹಾಕಿ, ಆಮೇಲೆ ಉಜ್ಜಿ ತೆಗೆದರೆ ಅಡಿಯ ಕಾಗದ ಬೆಳ್ಳಗೆ ಉಳಿದಿರುತ್ತದೆ. ಕೆಲಸ ಸುಲಭ. ಆದರೆ ಅಂಚು ಕತ್ತರಿಸಿಟ್ಟಂತೆ ಬರುತ್ತದೆ. ನನ್ನ ಕೈಯ ಮಚ್ಚೆಗಳ ಅಂಚು ಹಾಗಿಲ್ಲ. ಕೆಲವು ಕಡೆ ಗೆರೆ ಎಳೆದಷ್ಟು ಸ್ಪಷ್ಟ, ಕೆಲವು ಕಡೆ ಕಂದು ಬಣ್ಣ ತೆಳುವಾಗುತ್ತ ತೆಳುವಾಗುತ್ತ ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಹಾಗಾಗಿ ಕುಂಚದಲ್ಲೇ ಕಾಯ್ದೆ. ಬರ್ಂಟ್ ಸಿಯೆನಾ ಎಂಬ ಕೆಂಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ನನ್ನ ಚರ್ಮದ ಕಂದು ಸಿಗುತ್ತದೆ. ನೀಲಿ ಹೆಚ್ಚಾದರೆ ನೆರಳು, ಸಿಯೆನಾ ಹೆಚ್ಚಾದರೆ ಬೆಚ್ಚಗಿನ ಮೈ. ಅಂಚಿನ ಹತ್ತಿರ ಬಂದಾಗ ಕುಂಚ ತೊಳೆದು, ಹಿಂಡಿ, ಬರೀ ತೇವದ ತುದಿಯಿಂದ ಬಣ್ಣವನ್ನು ಬಿಳಿಯ ಕಡೆಗೆ ಎಳೆದುಕೊಳ್ಳಬೇಕು. ನೀರು ಒಂದು ಹನಿ ಹೆಚ್ಚಾದರೆ ಅದು ಒಳಗೆ ನುಗ್ಗಿ ಮಚ್ಚೆಯನ್ನು ತಿಂದುಬಿಡುತ್ತದೆ.

ಎಡಗೈಯ ಮೇಲ್ಭಾಗದಲ್ಲಿ, ಮಣಿಕಟ್ಟಿನ ಸಮೀಪ, ಒಂದು ಮಚ್ಚೆಯೊಳಗೆ ಸಣ್ಣ ಕಂದು ಚುಕ್ಕಿಗಳಿವೆ. ಬೆಳಕಿನ ಚಿಕಿತ್ಸೆ ಪಡೆದಾಗ ಬಣ್ಣ ಮರಳುವುದು ಕೂದಲಿನ ಬುಡದಿಂದ. ಅಲ್ಲಿ ಅಡಗಿ ಉಳಿದ ಕೋಶಗಳು ಮೇಲೆ ಬಂದು ಸುತ್ತ ಹರಡುತ್ತವೆ. ಬೆರಳ ತುದಿಯಲ್ಲಿ ಕೂದಲಿಲ್ಲ, ಅದಕ್ಕೇ ಅಲ್ಲಿ ಚಿಕಿತ್ಸೆ ಹೆಚ್ಚಾಗಿ ಫಲಿಸುವುದಿಲ್ಲ. ನಾನು ಚಿಕಿತ್ಸೆ ನಿಲ್ಲಿಸಿ ಬಹಳ ಕಾಲವಾಯಿತು, ಆ ಚುಕ್ಕಿಗಳು ಉಳಿದಿವೆ. ಅವುಗಳನ್ನು ಬರೆಯಲು ಕುಂಚದ ಅತಿ ಸಣ್ಣ ತುದಿ ಬೇಕಾಯಿತು. ಒಂದೊಂದು ಚುಕ್ಕಿಗೂ ಉಸಿರು ಹಿಡಿದು, ಕೈಯನ್ನು ನೋಡಿ, ಕಾಗದವನ್ನು ನೋಡಿ ಬರೆದೆ. ನನ್ನ ಕೈಯನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಯಾವ ಬೇಸರವೂ ಇಲ್ಲದೆ ನೋಡಿದ್ದು ಆಗಲೇ. ಕನ್ನಡಿಯ ಮುಂದೆ ನಿಂತಾಗಲೆಲ್ಲ ನಾನು ಹುಡುಕುತ್ತಿದ್ದುದು ಹೊಸ ಮಚ್ಚೆ ಎಲ್ಲಿ ಬಂದಿದೆ ಎಂದು. ಬರೆಯುವಾಗ ಆ ಲೆಕ್ಕ ಮರೆತೇಹೋಗಿತ್ತು. ಈ ಅಂಚು ಎಲ್ಲಿ ತಿರುಗುತ್ತದೆ, ಆ ನೆರಳು ಎಷ್ಟು ತಂಪು, ಅಷ್ಟೇ.

ಇತ್ತ ಗುಂಪಿನಲ್ಲಿ ಇನ್ನೊಂದು ಚರ್ಚೆ ಬಿಸಿಯೇರಿತ್ತು. ನಮ್ಮ ನಿವೃತ್ತ ಚಾಲಕರು ಕ್ಯಾಲೆಂಡರಿನ ನಿಸರ್ಗದೃಶ್ಯಗಳನ್ನು ನೋಡಿ ತೈಲವರ್ಣದಲ್ಲಿ ಬರೆಯುವವರು. ಕೆರೆ, ಮರ, ಬೆಟ್ಟ, ಮನೆ. ಪ್ರದರ್ಶನಕ್ಕೂ ಅವನ್ನೇ ತಂದರು. ನಕಲು ಮಾಡಿದ್ದು ತನ್ನನ್ನು ಹೇಳಿಕೊಂಡಂತೆ ಹೇಗಾಗುತ್ತದೆ ಎಂದು ಹುಡುಗರು ಕೇಳಿದರು. ಪ್ರಶ್ನೆ ಸುಲಭದ್ದಲ್ಲ. ಫ್ರೆಂಚ್ ಚಿತ್ರಕಾರ ಜಾನ್ ದ್ಯುಬುಫೆ 1945ರಲ್ಲಿ 'ಆರ್ಟ್ ಬ್ರೂಟ್', ಅಂದರೆ ಕಚ್ಚಾ ಕಲೆ, ಎಂದು ಹೆಸರಿಟ್ಟು ಹುಡುಕಿ ಸಂಗ್ರಹಿಸಿದ್ದು ಯಾವ ಕಲಾಸಂಪ್ರದಾಯವನ್ನೂ ಅನುಕರಿಸದೆ ಒಳಗಿನಿಂದಲೇ ಬಂದ ಕೃತಿಗಳನ್ನು. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ 1976ರಿಂದ ಅವುಗಳ ಸಂಗ್ರಹಾಲಯವೇ ಇದೆ. ಆ ಸಂಗ್ರಹದ ಬಗ್ಗೆ ನನಗೆ ಗೌರವವಿದೆ. ಆದರೆ ಹೊರಗಿನದೇನೂ ಸೋಕದ ಒಳಗೊಂದಿದೆ ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ. ನಾವೆಲ್ಲ ಕ್ಯಾಲೆಂಡರ್ ನೋಡಿಯೇ ಬೆಳೆದವರು. ಎಲ್ಲವನ್ನೂ ಬಿಟ್ಟು ಇದೇ ಚಿತ್ರವನ್ನು ನಕಲು ಮಾಡಬೇಕು ಎಂದು ಒಬ್ಬ ಮನುಷ್ಯನಿಗೆ ಅನ್ನಿಸಿತಲ್ಲ, ಅಲ್ಲೇ ಅವನಿದ್ದಾನೆ. ಚಾಲಕರು ಏನೂ ವಾದಿಸಲಿಲ್ಲ. "ಜಾಗ ಕೊಟ್ಟಿದ್ದೀರಿ, ತೂಗುತ್ತೇನೆ. ಚೆನ್ನಾಗಿಲ್ಲದಿದ್ದರೆ ಜನ ಮುಂದೆ ಹೋಗುತ್ತಾರೆ" ಎಂದರು. ಅವರ ಚಿತ್ರಗಳ ಉತ್ತರ ಆಮೇಲೆ ಬಂತು, ಅದನ್ನು ಅದರ ಜಾಗದಲ್ಲೇ ಹೇಳುತ್ತೇನೆ.

ಕೃತಿಗಳ ಪಕ್ಕದಲ್ಲಿ ಹಾಕುವ ಬರಹ ಎಲ್ಲಕ್ಕಿಂತ ಕಷ್ಟದ್ದಾಯಿತು. ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ, ಇವಿಷ್ಟಕ್ಕೆ ಕ್ರಮವಿದೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಅದರ ಕೆಳಗೆ ಕಲಾವಿದರ ಮಾತು ನಾಲ್ಕು ಸಾಲು ಬೇಕೆಂದಾಗ ಬಂದದ್ದೆಲ್ಲ ಒಂದೇ ಅಚ್ಚಿನದು: ನನಗೆ ಚಿಕ್ಕಂದಿನಿಂದಲೂ ಕಲೆಯೆಂದರೆ ಆಸಕ್ತಿ, ಕಲೆ ಮನಸ್ಸಿಗೆ ಶಾಂತಿ ಕೊಡುತ್ತದೆ. ಯಾರ ಕೃತಿಯ ಕೆಳಗೆ ಅಂಟಿಸಿದರೂ ನಡೆಯುವಂಥ ಮಾತುಗಳು. ಆಗ ಒಂದು ಉಪಾಯ ಮಾಡಿದೆವು. ಇಬ್ಬಿಬ್ಬರು ಎದುರುಬದುರು ಕೂರುವುದು, ಒಬ್ಬರು ತಮ್ಮ ಕೃತಿಯ ಬಗ್ಗೆ ಮಾತನಾಡುವುದು, ಇನ್ನೊಬ್ಬರು ಆಡಿದ್ದನ್ನು ಆಡಿದ ಹಾಗೇ ಬರೆದುಕೊಳ್ಳುವುದು, ಆಮೇಲೆ ಓದಿ ಹೇಳುವುದು. ಪೆನ್ನು ಹಿಡಿದರೆ ಬಿಗಿಯುವ ಜನ ಮಾತಿನಲ್ಲಿ ಸಡಿಲವಾಗುತ್ತಾರೆ. ಗುಂಪು ಪ್ರದರ್ಶನ ಮಾಡುವ ಯಾರಿಗೇ ಆದರೂ ನಾನು ಮೊದಲು ಹೇಳುವುದು ಈ ಕ್ರಮವನ್ನೇ.

ನನ್ನ ಎದುರು ಕೂತವಳು ಹೊಲಿಗೆ ಕೆಲಸದವಳು. ಗಿರಾಕಿಗಳ ಬಟ್ಟೆಯಿಂದ ಮಿಕ್ಕ ತುಂಡುಗಳನ್ನು ಕೂಡಿಸಿ ಒಂದು ಉದ್ದನೆಯ ಕೋಟು ಹೊಲಿದಿದ್ದಳು. ರೇಷ್ಮೆಯ ಪಕ್ಕ ಶಾಲೆಯ ಸಮವಸ್ತ್ರದ ತುಂಡು, ಅದರ ಪಕ್ಕ ಪರದೆಯ ಬಟ್ಟೆ. ಸೀಮೆಸುಣ್ಣದ ಗುರುತುಗಳನ್ನು ಅಳಿಸದೆ ಬಿಟ್ಟಿದ್ದಳು. ಒಳಗಿನ ಮಡಿಕೆಗಳನ್ನು ಕೂಡ ಹೊರಗಿನಷ್ಟೇ ಅಚ್ಚುಕಟ್ಟಾಗಿ ಮುಗಿಸಿದ್ದಳು. ಇದು ಯಾರಿಗೆ ಎಂದು ಕೇಳಿದೆ.

"ನನಗೇ ಅಕ್ಕಾ. ಹೊಲಿಯಲು ಕೂತಾಗ ಅಳತೆ ನೋಡೋಣವೆಂದು ಪುಸ್ತಕ ತೆಗೆದೆ. ಎಲ್ಲರ ಅಳತೆಯೂ ಇದೆ, ನನ್ನದೊಂದು ಇಲ್ಲ. ಟೇಪು ನನ್ನ ಕತ್ತಿನಲ್ಲೇ ನೇತಾಡುತ್ತಿರುತ್ತದೆ, ಅದನ್ನು ನನ್ನ ಸುತ್ತ ಹಾಕಿಕೊಂಡೇ ಇರಲಿಲ್ಲ."

ಬರೆದುಕೊಂಡು ಓದಿ ಹೇಳಿದೆ. "ಇದನ್ನೇ ಹಾಕುವುದಾ? ಇದರಲ್ಲಿ ಕಲೆಯ ವಿಷಯವೇ ಬಂದಿಲ್ಲವಲ್ಲ" ಎಂದು ಅನುಮಾನಿಸಿದಳು. ಇದನ್ನೇ ಹಾಕಿದೆವು, ಒಂದಕ್ಷರ ಬದಲಿಸದೆ. ನನ್ನ ಮಾತನ್ನು ಬರೆದುಕೊಳ್ಳುವ ಸರದಿ ಅವಳದಾದಾಗ ನಾನು ಬಹಳ ಹೊತ್ತು ಚರ್ಮ, ಕೋಶ, ಚಿಕಿತ್ಸೆ ಎಂದೆಲ್ಲ ವಿವರಿಸಿದೆ. ಅವಳು ಕೊನೆಗೆ ಓದಿದ್ದು ನಡುವೆಲ್ಲೋ ಬಂದ ಎರಡು ವಾಕ್ಯ: "ಬಿಳಿ ಇರುವ ಕಡೆ ನಾನು ಕುಂಚ ಮುಟ್ಟಿಸಿಲ್ಲ. ಅದು ಕಾಗದ ಇದ್ದ ಹಾಗೇ ಇದೆ." ಉಳಿದದ್ದು ಬೇಡವೇ ಎಂದೆ. "ಉಳಿದದ್ದು ಡಾಕ್ಟರ ಮಾತು ಅಕ್ಕಾ" ಎಂದಳು. ಒಪ್ಪಿಕೊಂಡೆ.

ಗುಂಪಿನ ಅತಿ ಕಿರಿಯ ಸದಸ್ಯೆ, ಹೈಸ್ಕೂಲು ಹುಡುಗಿ, ದಪ್ಪನೆಯ ಒಂದು ನೋಟ್‌ಬುಕ್ ತಂದಳು. ರಟ್ಟಿನ ಮೇಲೆ ಕಪ್ಪು ಶಾಯಿಯಲ್ಲಿ ಒತ್ತೊತ್ತಾಗಿ ಹೆಣೆದ ಗೆರೆಗಳು, ಸುತ್ತ ಬಿಗಿದ ದಾರ, ದಾರಕ್ಕೆ ಗಂಟು. ಒಳಗೆ ಬರೆದದ್ದೆಲ್ಲ ತನ್ನದೇ, ಯಾರೂ ತೆರೆಯಬಾರದು, ಮುಚ್ಚಿಯೇ ಇಡಬೇಕು ಎಂದಳು. ನೋಡಲು ಬಂದವರಿಗೆ ಏನು ಸಿಗುತ್ತದೆ ಎಂದು ಯಾರೋ ಕೇಳಿದರು. "ನನ್ನೊಳಗೆ ಇಷ್ಟು ದಪ್ಪದ್ದು ಇದೆ ಎಂದು ಗೊತ್ತಾಗುತ್ತದೆ" ಎಂದಳು. ಹದಿಹರೆಯದವರಿಗೆ ಮನಸ್ಸು ಬಿಚ್ಚಿ ಮಾತನಾಡು, ಎಲ್ಲವನ್ನೂ ಹೇಳಿಕೋ ಎಂದು ನಾವು ದೊಡ್ಡವರು ಒತ್ತಾಯಿಸುವುದು ಹೆಚ್ಚು. ಎಷ್ಟು ಹೇಳಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಹೇಳುವವರದೇ. ಆ ಹುಡುಗಿ ಅದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ತಿಳಿದಿದ್ದಳು. ನೋಟ್‌ಬುಕ್ಕಿಗೆ ಗಾಜಿನ ಪೆಟ್ಟಿಗೆ ಸಿದ್ಧವಾಯಿತು, ಅದರ ಬೀಗದ ಕೈ ಅವಳ ಬಳಿಯೇ ಉಳಿಯಿತು.

ತೂಗುವ ಕೆಲಸದ ಬಗ್ಗೆ ಹೊರಗಿನವರು ಯೋಚಿಸುವುದೇ ಇಲ್ಲ. ಮೊಳೆ ಹೊಡೆದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಮೊಳೆಗೆ ಮೊದಲು ನೆಲ. ಎಲ್ಲ ಕೃತಿಗಳನ್ನೂ ಅವುಗಳ ಗೋಡೆಯ ಬುಡದಲ್ಲಿ ಒರಗಿಸಿಟ್ಟು, ಕೋಣೆಯ ನಡುವೆ ನಿಂತು ನೋಡಿ, ಅದಲುಬದಲು ಮಾಡಿ, ಮತ್ತೆ ನೋಡಬೇಕು. ಎತ್ತರಕ್ಕೆ ಗ್ಯಾಲರಿಗಳಲ್ಲಿ ರೂಢಿಯಾದ ಲೆಕ್ಕವಿದೆ: ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಇಂಚಿಗೆ ಬರಬೇಕು. ನಾವು 57 ಇಂಚು, ಅಂದರೆ ಸುಮಾರು 145 ಸೆಂಟಿಮೀಟರ್ ಇಟ್ಟುಕೊಂಡೆವು. ಗಾಲಿಕುರ್ಚಿಯಲ್ಲಿ ಬರುವವರಿಗೂ ಮಕ್ಕಳಿಗೂ ಅದೂ ಎತ್ತರವಾಗುತ್ತದೆಂದು ಸಣ್ಣ ಚಿತ್ರಗಳನ್ನು ಇನ್ನಷ್ಟು ಕೆಳಗಿಳಿಸಿದೆವು. ಮೊಳೆಯ ಜಾಗ ಕಂಡುಹಿಡಿಯಲು ಚಿತ್ರದ ಅರ್ಧ ಎತ್ತರವನ್ನು 145ಕ್ಕೆ ಕೂಡಿ, ಹಿಂದಿನ ತಂತಿಯನ್ನು ಎಳೆದು ಹಿಡಿದಾಗ ಅದು ಚೌಕಟ್ಟಿನ ಮೇಲಂಚಿನಿಂದ ಎಷ್ಟು ಕೆಳಗಿದೆಯೋ ಅಷ್ಟನ್ನು ಕಳೆಯಬೇಕು. 60 ಸೆಂಟಿಮೀಟರ್ ಎತ್ತರದ ಚಿತ್ರ, ತಂತಿ 8 ಸೆಂಟಿಮೀಟರ್ ಕೆಳಗೆ ಎಂದರೆ ಮೊಳೆ 167ರಲ್ಲಿ. ಚಾಲಕರು ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರು, ನಾವು ಪೆನ್ಸಿಲ್ ಹುಡುಕುವಷ್ಟರಲ್ಲಿ ಅವರ ಗುರುತು ಗೋಡೆಯ ಮೇಲಿರುತ್ತಿತ್ತು.

ಬೆಳಕಿನದು ಇನ್ನೊಂದು ಚಿಂತೆ. ಜಲವರ್ಣ ಮತ್ತು ಬಟ್ಟೆ ಬೆಳಕಿಗೆ ಬೇಗ ಬಣ್ಣಗೆಡುತ್ತವೆ. ವಸ್ತುಸಂಗ್ರಹಾಲಯಗಳಲ್ಲಿ ಅವುಗಳಿಗೆ 50 ಲಕ್ಸ್‌ನಷ್ಟು ಮಂದ ಬೆಳಕನ್ನೇ ಇಡುವುದು ಅದಕ್ಕಾಗಿ. ತೈಲವರ್ಣ ಅದಕ್ಕಿಂತ ಮೂರು ನಾಲ್ಕು ಪಟ್ಟು ತಡೆದುಕೊಳ್ಳುತ್ತದೆ. ನಮ್ಮ ಕೋಣೆಯ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರ ಒಳಗೆ ಬರುತ್ತಿತ್ತು. ತೈಲವರ್ಣಗಳನ್ನು ಬೆಳಕಿರುವ ಗೋಡೆಗೆ, ಕೋಟನ್ನೂ ನನ್ನ ಕೈಗಳನ್ನೂ ಒಳಗಿನ ಗೋಡೆಗೆ ಸರಿಸಿ, ಕಿಟಕಿಗೆ ಪರದೆ ಎಳೆದೆವು. ಕಾಗದದ ಚಿತ್ರಗಳಿಗೆ ಸೆಲೊಟೇಪ್ ಹಾಕಲು ನಾನು ಬಿಡಲಿಲ್ಲ. ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿದರೆ ಮತ್ತೆ ಬಿಡಿಸಲಾಗದು. ತೆಳು ಜಪಾನಿ ಕಾಗದದ ಸಣ್ಣ ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಮೇಲಂಚಿಗೆ ಮಾತ್ರ ಅಂಟಿಸಿ ಇಳಿಬಿಟ್ಟೆವು. ನೀರು ತಾಗಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ನಾಳೆ ಯಾರಾದರೂ ಬೇರೆ ಚೌಕಟ್ಟು ಹಾಕಬೇಕೆಂದರೆ ಕೃತಿಗೆ ಗಾಯವಾಗುವುದಿಲ್ಲ. ಹವ್ಯಾಸಿಗಳ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಎಂಬ ಮಾತು ಬಂತು. ಒಬ್ಬರ ಕೆಲಸವನ್ನು ಹೇಗೆ ಹಿಡಿಯುತ್ತೇವೆ ಎಂಬುದರಲ್ಲೇ ಅವರನ್ನು ಎಷ್ಟು ಗಣನೆಗೆ ತೆಗೆದುಕೊಂಡಿದ್ದೇವೆ ಎಂಬುದೂ ತಿಳಿಯುತ್ತದೆ. ಮುಟ್ಟುವ ರೀತಿ ಎಷ್ಟು ಮಾತನಾಡುತ್ತದೆ ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ.

ಚಾಲಕರ ಚಿತ್ರಗಳು ಉತ್ತರ ಕೊಟ್ಟದ್ದು ಆಗ. ಅವರು ವರ್ಷಗಳಿಂದ ಬರೆದ ದೃಶ್ಯಗಳು ಒಂದೇ ಸಾಲಿನಲ್ಲಿ ನೆಲದ ಮೇಲೆ ನಿಂತದ್ದು ಅದೇ ಮೊದಲು. ಹಿಂದೆ ನಕಲಿನ ಬಗ್ಗೆ ಪ್ರಶ್ನೆ ಎತ್ತಿದ್ದ ಹುಡುಗರಲ್ಲೊಬ್ಬ ಮಂಡಿಯೂರಿ ಕೂತು ನೋಡುತ್ತಿದ್ದವನು, "ಸರ್, ಎಲ್ಲದರಲ್ಲೂ ದಾರಿ ಮನೆಯ ಬಾಗಿಲ ತನಕ ಹೋಗಿದೆ" ಎಂದ. ಮೂಲದ ಕ್ಯಾಲೆಂಡರ್ ಹಾಳೆಗಳನ್ನು ತರಿಸಿ ಪಕ್ಕದಲ್ಲಿಟ್ಟೆವು. ಅವುಗಳಲ್ಲಿ ಕಾಲುದಾರಿ ಮರದ ಹಿಂದೆ ಮರೆಯಾಗುತ್ತದೆ, ಇಲ್ಲವೇ ಹೊಲದಲ್ಲಿ ಮುಗಿಯುತ್ತದೆ, ಒಂದರಲ್ಲಂತೂ ದಾರಿಯೇ ಇರಲಿಲ್ಲ. ಚಾಲಕರು ಪ್ರತಿಯೊಂದರಲ್ಲೂ ದಾರಿಯನ್ನು ತಂದು ಹೊಸ್ತಿಲಿಗೆ ಮುಟ್ಟಿಸಿದ್ದರು. ಎಲೆ ಎಲೆಯನ್ನೂ ನಕಲು ಮಾಡಿದ ಮನುಷ್ಯ ಇದೊಂದನ್ನು ಮಾತ್ರ ಬದಲಿಸಿದ್ದರು. "ಹೌದಲ್ಲ" ಎಂದರು ಅವರು, ನಮ್ಮಷ್ಟೇ ಆಶ್ಚರ್ಯದಿಂದ. "ಮನೆ ಇದ್ದ ಮೇಲೆ ದಾರಿ ಇರಬೇಕಲ್ಲ. ಎಷ್ಟೋ ರಾತ್ರಿ ಬಸ್ಸಿನಲ್ಲೇ ಮಲಗಿದ್ದೇನೆ."

ಒಬ್ಬೊಬ್ಬರೇ ಮನೆಯಲ್ಲಿ ಕೂತು ಬರೆಯುವುದಕ್ಕೂ ಕೂಡಿ ತೂಗುವುದಕ್ಕೂ ಇರುವ ವ್ಯತ್ಯಾಸ ನನಗೆ ಆಗ ತಿಳಿಯಿತು. ತಮ್ಮನ್ನು ಹೇಳಿಕೊಂಡಿದ್ದೇವೆ ಎಂಬುದು ಹೇಳಿದವರಿಗೇ ಗೊತ್ತಿಲ್ಲದೆ ಇರಬಹುದು. ಅದನ್ನು ಕಾಣಲು ಪಕ್ಕದಲ್ಲೊಬ್ಬರು ಬೇಕು, ಅವರು ಮಂಡಿಯೂರಿ ಕೂತು ನೋಡುವಷ್ಟು ತಾಳ್ಮೆಯವರಾಗಿರಬೇಕು. ರವೀಂದ್ರನಾಥ ಠಾಕೂರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಜೋಡಿಸಿ ಆಕೃತಿಗಳನ್ನಾಗಿ ಮಾಡುತ್ತಿದ್ದರು. ಅಲ್ಲಿಂದ ಮೊದಲಾಗಿ, ಅರವತ್ತು ದಾಟಿದ ಮೇಲೆ ಚಿತ್ರಕಾರರಾದರು. ಆ ಚಿತ್ರಗಳ ಮೊದಲ ಪ್ರದರ್ಶನ ನಡೆದದ್ದು 1930ರಲ್ಲಿ, ಪ್ಯಾರಿಸ್‌ನಲ್ಲಿ. ಅಳಿಸಿದ್ದರಲ್ಲೂ ಚಿತ್ರವಿದೆ ಎನ್ನಲು ಅಲ್ಲೂ ನೋಡುವ ಕಣ್ಣುಗಳು ಬೇಕಾಗಿದ್ದವು.

ಪ್ರದರ್ಶನದ ಬಾಗಿಲು ತೆರೆದಾಗ ಭಾಷಣ ಇಡಲಿಲ್ಲ. ಬಂದವರಿಗೆ ಒಂದು ಚೀಟಿ ಕೊಟ್ಟೆವು. ಅಭಿಪ್ರಾಯ ಪುಸ್ತಕ ಇಟ್ಟರೆ 'ತುಂಬಾ ಚೆನ್ನಾಗಿದೆ' ಎಂಬ ಒಂದೇ ಸಾಲು ಪುಟಗಟ್ಟಲೆ ತುಂಬುತ್ತದೆ. ಅದರ ಬದಲು, ಯಾವ ಕೃತಿಯ ಮುಂದೆ ಹೆಚ್ಚು ಹೊತ್ತು ನಿಂತಿರಿ, ಅಲ್ಲಿ ಏನು ಕಂಡಿರಿ ಎಂದು ಕೇಳಿದೆವು. ಆ ಚೀಟಿಗಳನ್ನು ಈಗಲೂ ಓದುತ್ತೇವೆ.

ಉಗ್ಗುವ ಒಬ್ಬ ಯುವಕ ತನ್ನ ದನಿಯನ್ನೇ ಕೃತಿಯಾಗಿಟ್ಟಿದ್ದ. ಪ್ರೌಢರಲ್ಲಿ ಸುಮಾರು ಶೇ. 1ರಷ್ಟು ಮಂದಿ ಉಗ್ಗುತ್ತಾರೆ. ಆದರೂ ರೇಡಿಯೊದಲ್ಲಿ, ಪ್ರಕಟಣೆಗಳಲ್ಲಿ ಅಂಥ ದನಿ ಕೇಳಿಸುವುದೇ ಇಲ್ಲ. ಅವನು ತನ್ನ ಹೆಸರು, ವಿಳಾಸ, ಓದು, ಕೆಲಸದ ಸಂದರ್ಶನದಲ್ಲಿ ಹೇಳಬೇಕಾದಷ್ಟನ್ನು, ಒಂದು ತಡೆಯನ್ನೂ ಕತ್ತರಿಸದೆ ಧ್ವನಿಮುದ್ರಿಸಿದ್ದ. ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ಕೆಲವರು ಪದ ಮುಗಿಯುವ ಮೊದಲೇ ತೆಗೆದಿಟ್ಟು ಹೋದರು. ಕೆಲವರ ತುಟಿಗಳು ಅವನು ಹೇಳಲಿದ್ದ ಪದವನ್ನು ತಾವೇ ಮುಗಿಸುತ್ತಿದ್ದವು. ಆಚೆ ಕುರ್ಚಿಯಲ್ಲಿ ಕೂತು ಅವನು ಅದನ್ನು ಗಮನಿಸುತ್ತಿದ್ದ. ಪೂರ್ತಿ ಕೇಳಿದವರ ಬಳಿಗೆ ತಾನೇ ಎದ್ದುಹೋಗಿ ಮಾತನಾಡಿಸಿದ.

ನನ್ನ ಚಿತ್ರದ ಮುಂದೆ ಬಗೆಬಗೆಯ ಜನ ನಿಂತರು. ಒಬ್ಬರು ಔಷಧಿಯೊಂದರ ಹೆಸರು ಹೇಳಿ ಬರೆದುಕೊಳ್ಳಿ ಎಂದು ಹಟ ಹಿಡಿದರು. "ನೀವು ಚಿತ್ರ ನೋಡಲು ಬಂದಿದ್ದೀರಿ, ಚಿತ್ರ ನೋಡಿ" ಎಂದು ಹೇಳಿದೆ. ದನಿ ಸ್ವಲ್ಪ ಗಡುಸಾಗಿಯೇ ಬಂತು, ಅದು ಸರಿಯೇ ಆಗಿತ್ತು. ಇನ್ನೊಬ್ಬರು ಇದು ಅಂಟುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಇಲ್ಲವೆಂದು, ಯಾಕಿಲ್ಲವೆಂದು ವಿವರಿಸಿದೆ. ತಿಳಿಯಬೇಕೆಂದು ಕೇಳಿದ ಪ್ರಶ್ನೆ ಅದು, ಅದರ ಬಗ್ಗೆ ನನಗೆ ತಕರಾರಿಲ್ಲ. ಚಿತ್ರ ಬರೆಯುವವರೊಬ್ಬರು ಮೂಗು ತಾಗುವಷ್ಟು ಹತ್ತಿರ ಬಂದು, ಬಿಳಿಯ ಅಂಚನ್ನು ನೋಡಿ, ಮಾಸ್ಕಿಂಗ್ ಬಳಸದೆ ಇದನ್ನು ಹೇಗೆ ಕಾಯ್ದಿರಿ ಎಂದರು. ಅವರೊಂದಿಗೆ ಕುಂಚದ ತೇವದ ಬಗ್ಗೆ ಮಾತನಾಡುತ್ತ ನಾನು ಕೈ ಬೀಸಿ ಬೀಸಿ ವಿವರಿಸುತ್ತಿದ್ದೆ. ಬಟ್ಟೆಯ ತೋಳು ಮೊಣಕೈವರೆಗೆ ಮಡಚಿತ್ತು. ಅದನ್ನು ನಾನು ಗಮನಿಸಿದ್ದು ಅವರು ಹೋದ ಮೇಲೆ.

ಕೋಟನ್ನು ಮುಟ್ಟಿ ನೋಡಲು ಅವಕಾಶವಿತ್ತು. ಅಂಧರೊಬ್ಬರು ಅದರ ಒಳಗಿನ ಹೊಲಿಗೆಗಳನ್ನು ಬೆರಳಿಂದ ಓದುತ್ತ, "ಒಳಗೂ ಇಷ್ಟು ಚೊಕ್ಕವಾಗಿ ಮುಗಿಸಿದವರು ಯಾರು?" ಎಂದು ಕೇಳಿದರು. ಕಣ್ಣಿದ್ದವರು ಯಾರೂ ಒಳಗಿನ ಹೊಲಿಗೆಯನ್ನು ಗಮನಿಸಿರಲಿಲ್ಲ.

ಪ್ರದರ್ಶನ ಮುಗಿದು, ಮೊಳೆ ಕಿತ್ತು, ತೂತುಗಳಿಗೆ ಪುಟ್ಟಿ ತುಂಬಿ, ಕೃತಿಗಳನ್ನು ಮರಳಿಸಿದ್ದೇವೆ. ಮುಂದಿನದರ ಮಾತುಕತೆ ಶುರುವಾಗಿದೆ. ಮಾರಾಟಕ್ಕೆ ಇಡಬೇಕೇ ಬೇಡವೇ ಎಂಬುದು ಈಗಿನ ಜಗಳ, ಅದು ಸದ್ಯಕ್ಕೆ ಬಗೆಹರಿಯುವ ಹಾಗೆ ಕಾಣುವುದಿಲ್ಲ. ನಾನು ಎರಡು ವಿಷಯಕ್ಕೆ ಪಟ್ಟು ಹಿಡಿದಿದ್ದೇನೆ. ತೂಗುವ ಕೆಲಸಕ್ಕೆ ಎಲ್ಲ ಸದಸ್ಯರೂ ಬರಬೇಕು, ತಮ್ಮ ಚಿತ್ರ ಕೊಟ್ಟು ಮನೆಗೆ ಹೋಗುವಂತಿಲ್ಲ. ಮತ್ತು ಪ್ರತಿಯೊಬ್ಬರ ಹಳೆಯ ಕೆಲಸವನ್ನೂ ಒಮ್ಮೆಯಾದರೂ ಒಟ್ಟಿಗೆ ನೆಲದ ಮೇಲೆ ಹರಡಿ ನೋಡಬೇಕು. ಹೊಲಿಗೆಯವಳು ತನ್ನ ಅಳತೆ ಪುಸ್ತಕದ ಹಳೆಯ ಸಂಪುಟಗಳನ್ನು ತರುತ್ತೇನೆ ಎಂದಿದ್ದಾಳೆ. ಅವುಗಳ ಅಂಚಿನಲ್ಲಿ ಏನೇನೋ ಗೀಚಿದ್ದಾಳಂತೆ.